ಡಿಕ್ಷನರಿಯಲ್ಲಿಲ್ಲದ ದಿಮ್ಮಡಿ

ನನ್ನ ಹಳೆಯ ಡಿಕ್ಷನರಿಯನ್ನು ತೆರೆದರೆ ಈಗಲೂ ಕೊಬ್ಬರಿಯ ವಾಸನೆ ಬರುತ್ತದೆ. ಹಸಿ ಕಾಯಿಯ ಸಿಹಿ ವಾಸನೆಯಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಲೆಯ ಹೊಗೆ ಕುಡಿದು, ಒಳಗಿನ ನೀರನ್ನು ತಾನೇ ಹೀರಿಕೊಂಡು ಒಣಗಿದ ಕಾಯಿಯ ವಾಸನೆ. ಸ್ವಲ್ಪ ಕಮಟು, ಸ್ವಲ್ಪ ಎಣ್ಣೆಜಿಡ್ಡು. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಇಂಗ್ಲಿಷ್-ಕನ್ನಡ ಡಿಕ್ಷನರಿ, ಅಂಗೈ ಅಗಲದ್ದು. ರಟ್ಟು ಹೋಗಿ ನಾನೇ ಸಿಮೆಂಟ್ ಚೀಲದ ಕಾಗದದ ಹೊದಿಕೆ ಹಾಕಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಷ್ಟು ಕಷ್ಟಪಟ್ಟು ಓದಿದೆ ಅಂತ ನನಗೆ ಗೊತ್ತು. ಈ ಪುಸ್ತಕವನ್ನು ಅಟ್ಟದ ಏಣಿಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡು ಓದಿದೆ. ಅಲ್ಲಿನ ವಾಸನೆ ಇದಕ್ಕೆ ಹತ್ತಿತು, ಇಂಗ್ಲಿಷ್ ನನಗೆ ಹತ್ತಿತು. ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ತಿಂಗಳು ಒಂದು ಪದ ಹುಡುಕಲು ಇದನ್ನು ತೆರೆದೆ, ವಾಸನೆ ಬಂತು, ಅದರ ಹಿಂದೆಯೇ ಅಟ್ಟದ ಮೇಲೆ ನಡೆಯುವ ಸದ್ದೂ ಬಂತು.

ಪದ ಕೇಳಿದವಳು ಎಂಟನೇ ಕ್ಲಾಸಿನ ಬಿಂದು. ಎತ್ತರದ ಹುಡುಗಿ, ಮೈ ತುಂಬಿಕೊಂಡವಳು. ಅವಳು ನಡೆದು ಬಂದರೆ ಮುಂದಿನ ಬೆಂಚಿನ ಜಾಮಿಟ್ರಿ ಬಾಕ್ಸು ಗಲಗಲ ಅನ್ನುತ್ತದೆ. ನೇರವಾಗಿ ನನ್ನ ಮೇಜಿಗೆ ಬಂದು, "ಮಿಸ್, ಗಲಂಫ್ ಅಂದ್ರೇನು?" ಅಂದಳು. ಯಾರು ಹೇಳಿದರು ಅಂತ ಕೇಳಿದೆ. "ಎಲ್ಲಾರೂ ಅಂತಾರೆ ಮಿಸ್, ನಾನು ಬಂದಾಗೆಲ್ಲ. ಫೋನಲ್ಲಿ ಹುಡುಕಿ ಇಟ್ಟವ್ರೆ. ಬೈಗುಳ ಹೌದೋ ಅಲ್ವೋ ಅಷ್ಟು ಹೇಳಿ ಸಾಕು. ಬೈಗುಳ ಆದ್ರೆ ಹೊಡೀತೀನಿ." ಆ ಪದವನ್ನು ನಾನೂ ಕೇಳಿರಲಿಲ್ಲ. ಮೇಷ್ಟ್ರು ಕೆಲಸದಲ್ಲಿ ಗೊತ್ತಿಲ್ಲ ಅನ್ನುವುದು ಕಷ್ಟ, ಆದರೂ ಅಂದೆ. "ನಾಳೆ ಹೇಳ್ತೀನಿ. ಅಲ್ಲೀತನಕ ಯಾರಿಗೂ ಹೊಡೀಬೇಡ." ಅವಳು ಸ್ವಲ್ಪ ಯೋಚಿಸಿ, "ನಾಳೆ ಮಧ್ಯಾಹ್ನದವರೆಗೆ ಮಾತ್ರ" ಅಂತ ಗಡುವು ಕೊಟ್ಟು ಹೋದಳು.

ಹಳೆಯ ಡಿಕ್ಷನರಿಯಲ್ಲಿ ಆ ಪದ ಇರಲಿಲ್ಲ. 'ಗಲೋರ್' ಆದ ಮೇಲೆ ನೇರ 'ಗ್ಯಾಲ್ವನೈಜ್'. ನಡುವೆ ಒಂದು ಪದ ಕೂರುವಷ್ಟೂ ಜಾಗ ಬಿಟ್ಟಿರಲಿಲ್ಲ. ಇದೇ ಪುಸ್ತಕದಲ್ಲಿ ಇನ್ನೊಂದು ಪದ ಇಲ್ಲ ಅಂತ ನಾನು ಒಮ್ಮೆ ಒಬ್ಬರಿಗೆ ಹೇಳಿದ್ದೆ.

ನಮ್ಮ ಊರು ಹಂದನಕೆರೆಯ ಹತ್ತಿರ. ನಾಡಹೆಂಚಿನ ಮನೆ. ನಡುಮನೆಯ ಮೇಲೆ ಅಟ್ಟ, ಅಟ್ಟಕ್ಕೆ ತೆಂಗಿನ ಮರ ಸೀಳಿದ ಪಟ್ಟಿಗಳು, ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು, ಕೆಳಗಿನ ಹೊಗೆ ಮೇಲೆ ಹೋಗಲಿ ಅಂತ. ಅಲ್ಲಿ ಕಾಯಿ ತುಂಬಿರುತ್ತಿತ್ತು. ನಾವು ಅದರ ಕೆಳಗೆ ಉಂಡೆವು, ಮಲಗಿದೆವು, ಜಗಳ ಆಡಿದೆವು; ಕಾಯಿಗಳು ತಲೆಯ ಮೇಲೆ ಸದ್ದಿಲ್ಲದೆ ಒಣಗುತ್ತಿದ್ದವು. ಅಟ್ಟದ ಯಜಮಾನಿಕೆ ನಮ್ಮಪ್ಪನ ಅಕ್ಕ ಗಂಗಮ್ಮನದು, ನನಗೆ ಗಂಗತ್ತೆ. ಮದುವೆ ಆಗದೆ ತವರಿನಲ್ಲೇ ಉಳಿದವಳು. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಅದಕ್ಕೆ ತಕ್ಕ ಮೈ. ವಾರಕ್ಕೊಮ್ಮೆ ಏಣಿ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿದ್ದರೆ ಗುಳುಕ್. ನೀರು ಬತ್ತಿ, ಗಿಟುಕಾಗಿ ಒಣಗಿದ ತಿರುಳು ಚಿಪ್ಪು ಬಿಟ್ಟಿದ್ದರೆ ಗಡಗಡ. "ಇವ್ನು ಇನ್ನೂ ಹಸೀ ಮಾತಾಡ್ತಾವ್ನೆ" ಅಂತ ಗುಳುಕ್ ಅಂದದ್ದನ್ನು ಪಕ್ಕಕ್ಕೆ ಇಡುತ್ತಿದ್ದಳು. ಗಡಗಡ ಅಂದದ್ದಕ್ಕೆ, "ಇವ್ನಿಗೆ ಬುದ್ಧಿ ಬಂತು."

ಅವಳು ಅಟ್ಟದ ಮೇಲೆ ನಡೆದರೆ ಕೆಳಗೆ ಮನೆಯೇ ಬೇರೆಯಾಗುತ್ತಿತ್ತು. ಪಟ್ಟಿಗಳು ಕಿರುಗುಟ್ಟುತ್ತಿದ್ದವು, ಸಂದಿನಿಂದ ಮಸಿ, ನಾರು, ಧೂಳು ಇಳಿಯುತ್ತಿತ್ತು, ಗೂಟದಲ್ಲಿ ನೇತುಹಾಕಿದ ಚೊಂಬು ಗೋಡೆಗೆ ಟಣ್ ಟಣ್ ಬಡಿಯುತ್ತಿತ್ತು. ಊಟಕ್ಕೆ ಕೂತಾಗ ಮೇಲೆ ಸದ್ದು ಕೇಳಿದರೆ ನಮ್ಮಜ್ಜಿ, "ದಿಮ್ಮಡಿ ಬಂದ್ಲು, ತಟ್ಟೆ ಮುಚ್ಕಳ್ರೋ" ಅನ್ನುತ್ತಿದ್ದಳು. ಎಲ್ಲರೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದೆವು, ಮುದ್ದೆಯ ಮೇಲೆ ಮಳೆ ಬಂದ ಹಾಗೆ. ಮೇಲಿನಿಂದ ಅತ್ತೆ, "ಮಸಿ ತಿಂದ್ರೆ ಗಟ್ಟಿ ಆಯ್ತೀರ ಬುಡ್ರಿ" ಅಂತ ಕೂಗುತ್ತಿದ್ದಳು. ತೋಟದಲ್ಲೂ ಹಾಗೆಯೇ. ಬದುವಿನ ಮೇಲೆ, ಗರಿ ಬಿದ್ದ ಜಾಗದಲ್ಲಿ, ನೆಲ ಅದುರುವ ಹಾಗೆ ಕಾಲು ಊರಿಕೊಂಡು ಮುಂದೆ ಹೋಗುತ್ತಿದ್ದಳು, ನಾನು ಹಿಂದೆ. ಯಾಕೆ ಹಂಗೆ ನಡೀತೀಯ ಅಂತ ಕೇಳಿದ್ದಕ್ಕೆ, "ಹಾವಿಗೆ ಕಿವಿ ಇಲ್ಲ ಕಣೇ, ನೆಲವೇ ಅದ್ರ ಕಿವಿ. ದಿಮ್ಮಡಿ ಇಟ್ರೆ, ಯಾರೋ ಬತ್ತಾವ್ರೆ ಅಂತ ದಾರಿ ಬುಡ್ತದೆ. ಅದ್ಕೂ ಒಂದು ಮರ್ಯಾದೆ ಕೊಡಬೇಕಲ್ವಾ" ಅಂದಿದ್ದಳು. ದಿಮ್ಮಡಿ ಅನ್ನುವುದು ನೀರು, ನೆಲ, ಎತ್ತು ಅಂದ ಹಾಗೆ ಎಲ್ಲರ ಮನೆಯ ಪದವೇ ಅಂತ ನಾನು ತಿಳಿದಿದ್ದೆ.

ಏಳನೇ ಕ್ಲಾಸಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ನಮ್ಮ ಮನೆಯವರ ಬಗ್ಗೆ ಪ್ರಬಂಧ ಬರೆದು ಓದಬೇಕಾಗಿತ್ತು. ನಾನು ಗಂಗತ್ತೆಯ ಬಗ್ಗೆ ಬರೆದೆ. ಅವಳು ಮೂರನೇ ಸಾಲಿನಲ್ಲಿ ಕೂತಿದ್ದಳು, ಹಸಿರು ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ. "ನಮ್ಮ ಅತ್ತೆ ದಿಮ್ಮಡಿ ಇಟ್ಟುಕೊಂಡು ಬಂದರೆ ಅಟ್ಟದ ಮಸಿಯೆಲ್ಲ ನಮ್ಮ ತಟ್ಟೆಗೆ ಬರುತ್ತದೆ" ಅಂತ ಜೋರಾಗಿ ಓದಿದೆ. ಜನ ನಕ್ಕರು. ಪಕ್ಕದಲ್ಲಿ ನಿಂತಿದ್ದ ಕನ್ನಡ ಮೇಷ್ಟ್ರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, "ಏನಮ್ಮ ಇದು ದಿಮ್ಮಡಿ? ಇಂಥ ಪದವೇ ಇಲ್ಲ ಕನ್ನಡದಲ್ಲಿ. ಯಾರು ಹೇಳಿಕೊಟ್ಟರು ನಿನಗೆ?" ಅಂದರು. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಜನ ಇನ್ನೂ ಜೋರಾಗಿ ನಕ್ಕರು. ನಾನು ಅತ್ತೆಯ ಕಡೆ ಕೈ ತೋರಿಸಿದೆ. ಅವಳು ಎದ್ದಳು. ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ತುದಿಗಾಲಿನಲ್ಲಿ, ನಿದ್ದೆ ಮಾಡುವ ಮಗುವಿನ ಪಕ್ಕದಿಂದ ಎದ್ದು ಹೋಗುವವರ ಹಾಗೆ ಸದ್ದಿಲ್ಲದೆ ಆಚೆ ಹೋದಳು. ಅಷ್ಟು ದೊಡ್ಡ ಮೈ ಅಷ್ಟು ಹಗುರವಾಗಿ ನಡೆಯಬಲ್ಲದು ಅಂತ ನಾನು ಎಣಿಸಿರಲಿಲ್ಲ.

ಅವತ್ತು ಸಂಜೆಯೇ ಅವಳು ಅಟ್ಟ ಹತ್ತಿದಳು. ಕಾಯಿ ಗುಳುಕ್ ಅಂದದ್ದು ಕೇಳಿತು, ಗಡಗಡ ಅಂದದ್ದು ಕೇಳಿತು. ಅವಳ ಹೆಜ್ಜೆ ಮಾತ್ರ ಕೇಳಲಿಲ್ಲ. ತಟ್ಟೆಗೆ ಮಸಿ ಬೀಳಲಿಲ್ಲ. ಅಜ್ಜಿ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು, ಏನೂ ಬೀಳದ್ದನ್ನು ನೋಡಿ, "ಯಾಕ್ಲೇ ಗಂಗೀ, ಕಾಲು ಎಲ್ಲಾದ್ರೂ ಬುಟ್ಟು ಬಂದಾ?" ಅಂದಳು. ಮೇಲೆ ಇನ್ನೊಂದು ಕಾಯಿ ಗುಳುಕ್ ಅಂತು.

ಆ ವಾರ ಅತ್ತೆ ಕೊಬ್ಬರಿ ಗಾಡಿಯ ಜೊತೆ ತಿಪಟೂರಿಗೆ ಹೋಗಿ ಬರುವಾಗ ಈ ಡಿಕ್ಷನರಿ ತಂದಳು. ಪುಸ್ತಕದ ಅಂಗಡಿಯಲ್ಲಿ, "ಇರೋ ಪದ ಎಲ್ಲಾ ಇರೋ ಪುಸ್ತಕ ಕೊಡಿ" ಅಂತ ಕೇಳಿದಳಂತೆ. ಅಂಗಡಿಯವರು ಇದನ್ನು ಕೊಟ್ಟಿದ್ದಾರೆ. ಕೈ ಒರೆಸಿಕೊಂಡು ನನ್ನ ಮುಂದೆ ಇಟ್ಟು, ಎದುರು ಕುಕ್ಕುರುಗಾಲಲ್ಲಿ ಕೂತು, "ನೋಡು, ಇದ್ರಲ್ಲಿ ದಿಮ್ಮಡಿ ಐತಾ" ಅಂದಳು. ನಾನು ಅದನ್ನು ಹಿಂದೆ ಮುಂದೆ ತಿರುವಿ, ಎಲ್ಲ ತಿಳಿದವಳ ಹಾಗೆ, "ಇದು ಇಂಗ್ಲಿಷ್ ಡಿಕ್ಷನರಿ ಕಣತ್ತೆ. ಇದ್ರಲ್ಲಿ ನಿನ್ನ ಮಾತು ಎಲ್ಲಿಂದ ಬತ್ತದೆ" ಅಂದೆ. ನಕ್ಕೆ ಕೂಡ. ಐತೆ ಅಂದಿದ್ದರೆ ಏನಾಗುತ್ತಿತ್ತು? ಅವಳಿಗೆ ಅಕ್ಷರ ಬರುತ್ತಿರಲಿಲ್ಲ; ಯಾವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ದರೂ ನಂಬುತ್ತಿದ್ದಳು. "ಹಂಗಾದ್ರೆ ಬುಡು. ಇನ್ಮೇಕೆ ಆ ಮಾತು ಅನ್ನಬ್ಯಾಡ" ಅಂತ ಎದ್ದು ಹೋದಳು. ಅವಳೂ ಮತ್ತೆ ಅನ್ನಲಿಲ್ಲ.

ಎರಡು ವರ್ಷ ಕಳೆದ ಮೇಲೆ ಬೋರ್‌ವೆಲ್ಲಿನ ಹತ್ತಿರ ಕೊಡ ತುಂಬುವ ಹೆಂಗಸೊಬ್ಬಳು ನನಗೆ ಊರಿನ ಕಥೆ ಹೇಳಿದಳು. ಗಂಗತ್ತೆಯನ್ನು ನೋಡಲು ಬಂದ ಗಂಡಿನ ಕಡೆಯವರು, "ಹೆಣ್ಣು ನಾಕು ಹೆಜ್ಜೆ ನಡೀಲಿ" ಅಂದರಂತೆ. ಇವಳು ನಡೆದಳಂತೆ, ದೇವರ ಮುಂದಿನ ದೀಪ ಅಲ್ಲಾಡಿತಂತೆ. "ಇದೇನ್ರೀ ಹೆಣ್ಣೋ, ದಿಮ್ಮಡಿಯೋ" ಅಂತ ಅವರು ಉಪ್ಪಿಟ್ಟು ತಿಂದು ಎದ್ದು ಹೋದರಂತೆ. ಪದ ಹುಟ್ಟಿದ್ದು ಹಾಗೆ. ಆ ಹೆಂಗಸು ಕೊಡ ಎತ್ತಿಕೊಂಡು ಹೋದಳು, ನನ್ನ ಕೊಡ ತುಂಬಿ ಹರಿಯಿತು. ಅತ್ತೆಯನ್ನು ಬೇಡ ಅಂದ ಮಾತನ್ನೇ ನಾನು ಮೈಕಿನಲ್ಲಿ ಊರಿಗೆಲ್ಲ ಓದಿ ಹೇಳಿದ್ದೆ, ಯಾರು ಕಲಿಸಿದರು ಅಂದಾಗ ಅವಳತ್ತಲೇ ಕೈ ತೋರಿಸಿದ್ದೆ. ಅವಳನ್ನೇ ಕೇಳಿ ಕ್ಷಮೆ ಬೇಡುವ ಧೈರ್ಯ ಬರಲಿಲ್ಲ. ಕೇಳಿದರೆ ಆ ಪದವನ್ನು ಮತ್ತೆ ಅನ್ನಬೇಕಾಗುತ್ತಿತ್ತಲ್ಲ.

ಅವಳ ಕಾಲಿನ ಸದ್ದು ವಾಪಸ್ಸು ಬಂದದ್ದು ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ. ನನಗೆ ಜ್ವರ, ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದೆ. ಅತ್ತೆ ನನ್ನ ರಿಜಿಸ್ಟರ್ ನಂಬರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡು ಹಂದನಕೆರೆಯ ಹೈಸ್ಕೂಲಿಗೆ ನಡೆದು ಹೋದಳು. ಅಂಕಿಗಳ ಆಕಾರ ಅವಳಿಗೆ ಗೊತ್ತಿತ್ತು. ಪಾಸಾದವರ ನಂಬರು ಹಾಕಿದ ಬೋರ್ಡಿನ ಮುಂದೆ ಅಂಗೈ ಹಿಡಿದು ಒಂದೊಂದೇ ಸಾಲಿಗೆ ಹೋಲಿಸಿ ನೋಡಿದಳಂತೆ, ಹಿಂದಿನವರು ಬೈಯುತ್ತಿದ್ದರೂ ಜರುಗದೆ. ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಮಲಗಿದ್ದಾಗ ಜಗಲಿ ಅದುರಿತು. ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ತೋಟದ ಬದುವಿನ ಮೇಲೆ ಅವಳು ಬರುತ್ತಿದ್ದಳು. ಓಟವೂ ಅಲ್ಲ, ನಡಿಗೆಯೂ ಅಲ್ಲ, ಎಳೆಗರುವಿನ ಹಾಗೆ ಒಂದು ಕಾಲು ಮುಂದೆ ನೆಗೆದು, ಇನ್ನೊಂದು ಅದನ್ನು ಹಿಡಿಯಲು ಹೋಗಿ, ಸೆರಗು ಒಂದು ಕಡೆ, ಚಪ್ಪಲಿ ಕೈಯಲ್ಲಿ, ನೆಲವನ್ನು ದಿಮ್ ದಿಮ್ ಅಂತ ಗುದ್ದುತ್ತ. ಬಂದವಳೇ ಅಂಗೈ ನನ್ನ ಮುಖಕ್ಕೆ ಹಿಡಿದಳು. ಬೆವರಿಗೆ ನಂಬರೆಲ್ಲ ನೀಲಿ ಮಸಿಯಾಗಿ ಹರಡಿತ್ತು. "ಐತೆ" ಅಂದಳು. ಏದುಸಿರು. "ಬೋರ್ಡಲ್ಲಿ ಐತೆ ಕಣವ್ವ."

ಅವತ್ತಿನಿಂದ ತಟ್ಟೆಗೆ ಮತ್ತೆ ಮಸಿ ಬಿತ್ತು. ನಾನು ತಿಪಟೂರಿನಲ್ಲಿ ಪಿಯುಸಿ ಮಾಡಿದೆ, ಬಿಎ ಮಾಡಿದೆ, ಬಿಎಡ್ ಮಾಡಿದೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಓದಿದ್ದೇ ಹೆಚ್ಚು. ಅಜ್ಜಿ ಹೋದಳು. ಗಂಗತ್ತೆ ನಾಲ್ಕು ವರ್ಷದ ಹಿಂದೆ ಹೋದಳು. ಮನೆ ಭಾಗವಾಯಿತು, ಹೆಂಚು ಇಳಿಯಿತು. ಅಟ್ಟದ ಪಟ್ಟಿಗಳು ಚಿಕ್ಕಪ್ಪನ ದನದ ಕೊಟ್ಟಿಗೆಯ ನೆಲಕ್ಕೆ ಹೋದವು. ಈಗ ಅಲ್ಲಿ ಎಮ್ಮೆ ಗೊರಸು ಊರಿದರೆ ಪಟ್ಟಿ ಅದೇ ಹಳೆಯ ರಾಗದಲ್ಲಿ ಕಿರುಗುಟ್ಟುತ್ತದೆ. ನಾನು ಅದನ್ನು ಹೆಚ್ಚು ಹೊತ್ತು ಕೇಳುವುದಿಲ್ಲ. ಅಪ್ಪ ತಿಪಟೂರಿನಲ್ಲಿ ನನ್ನ ಜೊತೆಗೇ ಇದ್ದಾರೆ.

ಬಿಂದು ಕೇಳಿದ ಪದ ಕೊನೆಗೆ ಸಿಕ್ಕಿದ್ದು ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ, ಎರಡು ಕೈಯಲ್ಲಿ ಎತ್ತಬೇಕಾದ ಡಿಕ್ಷನರಿಯಲ್ಲಿ. ಇಂಗ್ಲಿಷಿನವರಿಗೆ ನಡಿಗೆಗೆ ಎಷ್ಟೊಂದು ಪದ. ಸೋತು ನಡೆದರೆ ಒಂದು, ಕೋಪದಲ್ಲಿ ಕಾಲು ಅಪ್ಪಳಿಸಿದರೆ ಒಂದು, ಬೂಟಿನ ಸದ್ದಾದರೆ ಇನ್ನೊಂದು. ನಮ್ಮಲ್ಲಿ ಸದ್ದೇ ಪದ: ದಡದಡ, ದಪದಪ, ಧೊಪಧೊಪ. ಗಲಂಫ್ ಅಂದರೆ ಭಾರವಾಗಿ, ಒಡ್ಡೊಡ್ಡಾಗಿ, ಸದ್ದು ಮಾಡಿಕೊಂಡು ನಡೆಯುವುದು; ಆಡುಮಾತಿನ ಪದ. ಇಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಬಿಂದು ಹುಡುಗರಿಗೆ ಹೊಡೆಯುವುದು ನ್ಯಾಯವಾಗುತ್ತಿತ್ತು. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಪದದ ಹುಟ್ಟು ಬರೆದಿದ್ದರು. ನೂರರವತ್ತು ವರ್ಷದ ಹಿಂದೆ ಇಂಥ ಪದವೇ ಇರಲಿಲ್ಲ. ಒಬ್ಬರು ತಮಾಷೆಯ ಪದ್ಯ ಬರೆಯುವಾಗ ತಾವೇ ಕಟ್ಟಿದ್ದು. ಕುದುರೆಯ ನಾಗಾಲೋಟ ಗ್ಯಾಲಪ್, ಗೆಲುವು ಟ್ರಯಂಫ್. ಎರಡನ್ನೂ ಮುರಿದು ಬೆಸೆದರೆ ಗಲಂಫ್ ಅಂತ ಊಹಿಸುತ್ತಾರೆ. ಮೊದಲು ಅದರ ಅರ್ಥ, ಗೆದ್ದವರು ಕುಣಿಯುತ್ತ ಮನೆಗೆ ಬರುವ ನಡಿಗೆ. ಆಮೇಲೆ ಜನರ ಬಾಯಲ್ಲಿ ಸವೆದು ಸವೆದು ಗೆಲುವು ಉದುರಿಹೋಯಿತು, ಭಾರ ಒಂದು ಉಳಿಯಿತು. ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದವಳು ಕಣ್ಣ ಮುಂದೆ ಬಂದಳು. ಲೈಬ್ರರಿಯ ಅಟೆಂಡರ್ ಬಂದು, "ಮೇಡಂ, ಬಾಗಿಲು ಹಾಕಬೇಕು" ಅನ್ನುವವರೆಗೆ ಅಲ್ಲೇ ಕೂತಿದ್ದೆ.

ಮಾರನೆಯ ದಿನ ಮಧ್ಯಾಹ್ನಕ್ಕೆ ಮೊದಲೇ ಕ್ಲಾಸಿನ ಬೋರ್ಡಿನ ಮೇಲೆ ಆ ಎರಡು ಪದ ಬರೆದು, ಮಧ್ಯೆ ಕೂಡುವ ಚಿಹ್ನೆ ಹಾಕಿ, ಇದು ಮೊದಲು ಗೆದ್ದವರ ನಡಿಗೆ ಅಂತ ಹೇಳಿದೆ. ಹುಡುಗರ ಮುಖ ಸ್ವಲ್ಪ ಸಪ್ಪಗಾಯಿತು. ಬಿಂದು ಎದ್ದು ನಿಂತು, "ಹಂಗಾದ್ರೆ ಮಿಸ್, ಇಲ್ಲದ ಪದಾನ ಯಾರು ಬೇಕಾದ್ರೂ ಮಾಡಬೋದಾ?" ಅಂದಳು.

ಅದೇ ಸಂಜೆ ಅಪ್ಪನನ್ನು ಕೇಳಿದೆ. ಇಷ್ಟು ವರ್ಷ ಬಾಯಿಗೆ ಬಾರದ ಪದ ಸುಲಭವಾಗಿ ಬಂತು. "ಅಪ್ಪ, ದಿಮ್ಮಡಿ ಅಂತ ಅತ್ತೆಗೆ ಗಂಡಿನ ಕಡೆಯೋರು ಇಟ್ಟ ಹೆಸರಾ?" ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. "ಯಾವಳು ಹೇಳಿದ್ದು ನಿಂಗೆ? ಅವರು ಬಂದಿದ್ದು ನಿಜ, ಹೋಗಿದ್ದೂ ನಿಜ. ಗಂಗಿಗೆ ಆ ಗಂಡು ಹಿಡಿಸಿರಲಿಲ್ಲ, ಬೇಕಂತಲೇ ಇನ್ನೊಂದು ಪಟ್ಟು ಜೋರಾಗಿ ನಡೆದ್ಲು. ಪದ ಅದಕ್ಕಿಂತ ಹಳೇದು. ಅದು ಅವಳೇ ಕಟ್ಟಿದ್ದು." ಅಪ್ಪ ಆರು ವರ್ಷದವರಿದ್ದಾಗ ತೋಟಕ್ಕೆ ಹೋಗಲು ಹೆದರುತ್ತಿದ್ದರಂತೆ, ಹಾವಿನ ಭಯ. ಅಕ್ಕನಿಗೆ ಒಂಬತ್ತೋ ಹತ್ತೋ. "ನಾನು ಮುಂದೆ ದಿಮ್ ಅಂತ ಅಡಿ ಇಡ್ತೀನಿ, ನೀನು ಅದೇ ಅಡಿ ಮೇಲೆ ಅಡಿ ಇಟ್ಟು ಬಾ ಅನ್ನೋಳು. ದಿಮ್ ಅಡಿ, ದಿಮ್ ಅಡಿ ಅಂತ ಹಾಡ್ಕಂಡು ಹೋಗೋಳು. ಹಾಡ್ತಾ ಹಾಡ್ತಾ ದಿಮ್ಮಡಿ ಆಯ್ತು. ನಮ್ಮವ್ವ ಆಮೇಲೆ ಅವಳನ್ನೇ ಹಂಗೆ ಕರೆದ್ಲು."

"ಮತ್ತೆ ಸ್ಕೂಲಲ್ಲಿ ನಾನು ಓದಿದಾಗ ಯಾಕೆ ಎದ್ದು ಹೋದ್ಲು? ಯಾಕೆ ಮೂರು ವರ್ಷ ಮೆತ್ತಗೆ ನಡೆದ್ಲು?"

ಅಪ್ಪ ಎಲೆಯನ್ನು ಮಡಿಸಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. "ಅವತ್ತು ಕೊಟ್ಟಿಗೇಲಿ ಕೂತ್ಕಂಡು ಅತ್ತು ಬುಟ್ಲು ಕಣವ್ವ. ಹೆಸರು ಕರೆದ್ರು ಅಂತ ಅಲ್ಲ. ಅಂಥಾ ಪದವೇ ಇಲ್ಲ ಅಂತ ಮೇಷ್ಟ್ರು ಹೇಳುದ್ರಲ್ಲ, ಅದಕ್ಕೆ. 'ನಾನು ಬಾಯಿಗೆ ಬಂದಿದ್ದು ಮಾತಾಡಿ ಮಗಿಗೆ ಇಲ್ಲದ ಪದ ಕಲಿಸ್ಬುಟ್ಟೆ ಕಣ್ಲಾ, ನನ್ನಿಂದ ಅದ್ರ ಓದು ಕೆಡ್ತದೆ' ಅಂತ. ಪದವೇ ಇಲ್ಲ ಅಂದ್ಮೇಲೆ ಆ ನಡಿಗೆ ಯಾಕೆ ಅಂತಲೂ ಅಂದ್ಲು. ಬೋರ್ಡಲ್ಲಿ ನಿನ್ನ ನಂಬರ್ ನೋಡ್ದಾಗಲೇ ಅವಳಿಗೆ ಜೀವ ಬಂದಿದ್ದು, ಕೆಡಲಿಲ್ಲ ಅಂತ." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳ್ಲಿಲ್ಲವಲ್ಲ" ಅಂದರು.

ಭಾನುವಾರ ಇಬ್ಬರೂ ಬಸ್ಸು ಹತ್ತಿ ಊರಿಗೆ ಹೋದೆವು. ಮನೆ ಇದ್ದ ಜಾಗದಲ್ಲಿ ನಿಲ್ಲಲಿಲ್ಲ, ನೇರ ತೋಟಕ್ಕೆ ನಡೆದೆವು. ನಮ್ಮವರಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಗಂಗತ್ತೆ ಅವಳೇ ನೀರು ಹೊತ್ತು ಬೆಳೆಸಿದ ಎರಡು ಮರಗಳ ನಡುವೆ ಕೂತಿದ್ದಾಳೆ. ಕಲ್ಲು ನೆಟ್ಟಿದ್ದೇವೆ, ಹೆಸರು ಬರೆಸಿಲ್ಲ. ಮಳೆಯಾಗಿ ಬದುವಿನ ಮೇಲೆ ಹುಲ್ಲು ಮಂಡಿಯವರೆಗೆ ಬೆಳೆದಿತ್ತು, ಒಣಗರಿ ಅಡ್ಡಡ್ಡ ಬಿದ್ದಿತ್ತು. ಅಪ್ಪ ಬದುವಿನ ಬಾಯಲ್ಲೇ ನಿಂತುಬಿಟ್ಟರು. ಎಪ್ಪತ್ತು ದಾಟಿದವರು, ಆರು ವರ್ಷದವರ ಹಾಗೆ ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು.

"ದಿಮ್ಮಡಿ ಇಡವ್ವ," ಅಂದರು. "ಹಿಂದೆ ಬತ್ತೀನಿ."

ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಕಾಲನ್ನು ಎತ್ತಿ, ನೆಲಕ್ಕೆ ಕೇಳಿಸುವಷ್ಟು ಭಾರವಾಗಿ ಊರಿದೆ.